ದೀಪ ಹಚ್ಚುವ ಹೊತ್ತಿಗೆ ಬಂದ ಫೋನು

ಓಟಿಪಿ ಯಾರಿಗೂ ಹೇಳಬೇಡಿ ಎಂದು ಚಿತ್ತಾಪುರದ ನಮ್ಮ ಶಾಲೆಯ ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳುವವಳು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ನನ್ನ ಹಣೆಬರಹವೂ ಅಷ್ಟೇ.

ಅವತ್ತು ಶಾಲೆಯಿಂದ ಬಂದು ಚಹಾಕ್ಕೆ ನೀರಿಟ್ಟಿದ್ದೆ. ಅತ್ತೆ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದರು. ಗ್ಯಾಸ್ ಕಂಪನಿಯಿಂದ ಅಂತ ಫೋನು ಬಂತು. ಕನೆಕ್ಷನ್ ಇರುವುದು ಅತ್ತೆಯ ಹೆಸರಲ್ಲಿ; ಆ ಹೆಸರು, ಗ್ರಾಹಕ ಸಂಖ್ಯೆ ಎಲ್ಲ ಪಟಪಟನೆ ಹೇಳಿದ. ಕೆವೈಸಿ ಆಗಿಲ್ಲ, ಇವತ್ತೇ ಮಾಡಿಸದಿದ್ದರೆ ಗ್ಯಾಸ್ ಬಂದ್ ಎಂದ. ಮರುದಿನ ಮನೆಯಲ್ಲಿ ಹೋಳಿಗೆ ಊಟ. ನನ್ನ ಬುದ್ಧಿ ಮೇಯಲು ಹೋಗಿತ್ತು ನೋಡಿ, ಸಬ್ಸಿಡಿ ಬೀಳುವ ಖಾತೆಯ ಕಾರ್ಡು ತಂದು ಅದರ ಮೇಲಿದ್ದದ್ದನ್ನೆಲ್ಲ ಓದಿಕೊಟ್ಟೆ. ಅತ್ತೆ ಎರಡು ವರ್ಷ ಹಾಲು ಮಾರಿ, ಇನ್ನೊಂದು ಎಮ್ಮೆ ತರಲೆಂದು ಕೂಡಿಟ್ಟಿದ್ದು ಅದೇ ಖಾತೆಯಲ್ಲಿತ್ತು.

ಆ ಖಾತೆಗೆ ಕೊಟ್ಟಿದ್ದು ನನ್ನ ಮೊಬೈಲ್ ನಂಬರು, ಓಟಿಪಿ ನನಗೇ ಬಂತು. ಹೇಳಲು ಬಾಯಿ ತೆರೆದೆ. ಏನು ಕೇಳುತ್ತಿದ್ದಾನೆ ಎಂದರು ಅತ್ತೆ. ಒಂದು ನಂಬರು ಕೊಡಬೇಕಂತೆ ಎಂದೆ.

"ದೀಪ ಹಚ್ಚಿದ ಮ್ಯಾಲ ಮನ್ಯಾಗಿಂದ ಏನೂ ಹೊರಗ ಕೊಡಬಾರ್ದವ್ವ. ಮುಂಜಾನಿ ಕೊಡ್ತೀನಂತ ಹೇಳು."

ಆ ಹೊತ್ತಿನಲ್ಲಿ ನಮ್ಮ ಮನೆಯಿಂದ ಹಾಲು, ಉಪ್ಪು ಹೊರಗೆ ಹೋಗುವುದಿಲ್ಲ. ಹೆಪ್ಪಿಗೆ ಚಮಚೆ ಮೊಸರು ಕೇಳಲು ಬಂದ ಓಣಿಯವರನ್ನೂ ಅತ್ತೆ ಬರಿಗೈಯಲ್ಲಿ ಕಳಿಸಿದ್ದುಂಟು. ಓಟಿಪಿಗೂ ಅದೇ ಕಾಯ್ದೆಯೇ ಎಂದು ನನಗೆ ಸಿಟ್ಟೇ ಬಂತು. ಆದರೆ ಅವರಿಗೆ ಎದುರಾಡುವ ಧೈರ್ಯ ಇವತ್ತಿಗೂ ನನಗಿಲ್ಲ. ಮುಂಜಾನೆ ಹೇಳುತ್ತೇನೆ ಎಂದೆ.

ಅಷ್ಟಕ್ಕೇ ಅವನು ಕೆರಳಿದ. ಈಗಲೇ ಹೇಳದಿದ್ದರೆ ಪೊಲೀಸರು ಬರುತ್ತಾರೆ ಎಂದು ಹೆದರಿಸಿದ. ಸಿಲಿಂಡರಿಗೆ ವಾರಗಟ್ಟಲೆ ಕಾಯಿಸುವವರಿಗೆ ಒಂದು ರಾತ್ರಿ ಕಾಯಲು ಏನು ಧಾಡಿ? ಆಗ ಮೆಸೇಜನ್ನು ಪೂರ್ತಿ ಓದಿದೆ. ಗ್ಯಾಸಿನ ಸುದ್ದಿಯೇ ಇಲ್ಲ. ಅತ್ತೆಯ ಖಾತೆಯಿಂದ ಹಣ ಕಳಿಸಲು ಒಪ್ಪಿಗೆ ಎಂದಿತ್ತು. ಫೋನು ಇಟ್ಟು, ಕಾರ್ಡಿನ ಹಿಂದಿದ್ದ ಬ್ಯಾಂಕಿನ ನಂಬರಿಗೆ ಫೋನು ಹಚ್ಚಿ ಕಾರ್ಡು ಬಂದ್ ಮಾಡಿಸಿದೆ. ಪೈಸೆಯೂ ಹೋಗಿರಲಿಲ್ಲ. ಅತ್ತೆಗೆ ಎಲ್ಲವನ್ನೂ ಅಳುತ್ತ ಹೇಳಿದೆ. ಚಹಾದ ನೀರು ಬತ್ತಿ ಹೋಯಿತು, ನೋಡು ಎಂದರು, ಅಷ್ಟೇ.

ಮುಂದಿನ ತಿಂಗಳು ಎಮ್ಮೆ ಬಂತು. ನೋಡಲು ಬಂದ ಓಣಿಯವರಿಗೆಲ್ಲ ಅತ್ತೆ ಒಂದೇ ಮಾತು ಹೇಳಿದರು.

"ಫೋನಿನ್ಯಾಗ ಕಳ್ಳ ಬಂದಿದ್ದ್ರಿ. ನಮ್ಮ ಸೊಸಿ ಭಾಳ ಶ್ಯಾಣ್ಯಾಕಿ, ಗುರ್ತ ಹಿಡದಳು. ಅದಕ್ಕ ಈ ಎಮ್ಮಿ ಬಂತು."

ನಾನು ಅಲ್ಲೇ ಎಮ್ಮೆಗೆ ಮೇವು ಹಾಕುತ್ತಿದ್ದೆ. ಕಣ್ಣು ತುಂಬಿ ಬಂತು, ತಲೆ ಎತ್ತಲಿಲ್ಲ.