ಮಾಳಿಗೆಯ ಮಣ್ಣು ಇಳಿಸಿದ ಬೇಸಿಗೆ

ಆಳಂದದ ನಮ್ಮ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಅಡ್ಡಾಗುವ ಹೊತ್ತಿಗೆ ಮಾಳಿಗೆಯ ಮಣ್ಣಿನ ಚಾವಣಿ ಮೇಲೆ ಯಾರೋ ನಡೆಯುತ್ತಿದ್ದರು. ನಾಲ್ಕು ಹೆಜ್ಜೆ, ಆಮೇಲೆ ಸುಮ್ಮನೆ. ಮತ್ತೆ ಎರಡು ಹೆಜ್ಜೆ. ಮದುವೆಯಾಗಿ ಬಂದ ಮೊದಲನೇ ಬೇಸಿಗೆಯಲ್ಲೇ ನಾನದನ್ನು ಕೇಳಿದ್ದೆ. ಬೆಕ್ಕಿರಬೇಕು ಅಂತ ನಿಚ್ಚಣಿಕೆ ಹತ್ತಿ ನೋಡಿದರೆ ಬಿಸಿಲು ಬಿಟ್ಟು ಮತ್ತೇನೂ ಇರಲಿಲ್ಲ. ಕೆಳಗಿಳಿದಾಗ ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ತನ್ನ ಕೋಣೆಯಲ್ಲಿ ಅಂಗಾತ ಮಲಗಿ ಚಾವಣಿಯ ಜಂತಿ ನೋಡುತ್ತಿದ್ದಳು.

“ಹತ್ತಿ ನೋಡಬ್ಯಾಡಬೇ. ಅಂಜತಾಳ ಆಕಿ,” ಅಂದಳು.

ಆಕಿ ಅಂದರೆ ಅಕ್ಕನ ಮಗಳು. ನೆಗೆಣ್ಣಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. ನಾನು ಆ ಮನೆಗೆ ಬರುವ ಎರಡು ವರ್ಷ ಮೊದಲೇ ತೀರಿಕೊಂಡಿದ್ದ ಐದು ವರ್ಷದ ಕೂಸು ಅದು.

ನಾನು ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಓದಿದವಳು. ಹೋಲಿ ಗೋಸ್ಟ್ ಒಂದನ್ನು ಬಿಟ್ಟರೆ ಬೇರೆ ಗೋಸ್ಟ್ ಇಲ್ಲ ಅಂತ ನಮ್ಮ ಸಿಸ್ಟರ್ ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ಕಲಿಸಿದ್ದರು. ಹೀಗಾಗಿ ಆ ಸಪ್ಪಳಕ್ಕೆ ಮನಸ್ಸಿನಲ್ಲೇ ‘ಎಕ್ಸ್‌ಪಾನ್ಷನ್’ ಅಂತ ಹೆಸರಿಟ್ಟೆ. ಬಿಸಿಲಿಗೆ ಕಟ್ಟಿಗೆ ಹಿಗ್ಗುತ್ತದೆ, ಸಪ್ಪಳ ಮಾಡುತ್ತದೆ, ಸೈನ್ಸ್. ಆದರೆ ಕಿವಿಯ ಮೇಲೊಂದು ದಿಂಬು ಇಟ್ಟುಕೊಂಡೇ ಮಲಗುವುದನ್ನೂ ಕಲಿತೆ. ಹತ್ತಿರ ಹತ್ತಿರ ಐವತ್ತು ವರ್ಷ ಹಾಗೇ ಹೋಯಿತು. ಅವಳ ಗಂಡ ಹೋದರು, ನನ್ನವರೂ ಹೋದರು. ಅಕ್ಕ, ನಾನು, ಅಕ್ಕನ ಮಗ, ಸೊಸೆ, ಅವರ ಮಕ್ಕಳು, ಎಲ್ಲರೂ ಅದೇ ಮನೆಯಲ್ಲಿದ್ದೆವು.

ಹೋದ ವರ್ಷ ಕಬ್ಬಿನ ಹಂಗಾಮಿನಲ್ಲಿ ಸೊಸೆ ಹೊಲಿಗೆ ಕ್ಲಾಸಿನ ಮಾತೆತ್ತಿದಳು. ಓಣಿಯ ಹನ್ನೆರಡು ಹುಡುಗಿಯರು ಆಗಲೇ ಹೆಸರು ಕೊಟ್ಟಿದ್ದರು. ಮಷಿನ್ ಇಡಲು ಪಡಸಾಲೆ ಸಾಲದು. ಪಡಸಾಲೆಗೂ ಅಕ್ಕನ ಕೋಣೆಗೂ ನಡುವಿನ ಗೋಡೆ ತೆಗೆದರೆ ದೊಡ್ಡ ಹಾಲ್ ಆಗುತ್ತದೆ, ಅಕ್ಕನ ಮಂಚ ಇದ್ದಲ್ಲೇ ಇರಲಿ, ಸುತ್ತ ಪರದೆ ಕಟ್ಟೋಣ ಅಂದಳು. ಮಂಚ ಸರಿಸುವುದಿಲ್ಲ ಅಂತ ಆಣೆ ಮಾಡಿಸಿಕೊಂಡು ಅಕ್ಕ ಒಪ್ಪಿದಳು.

ಗಾರೆ ಕೆಲಸದ ಗೌಂಡಿ ಬಂದು ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದ. “ಅರ್ಧಾ ದಿನದ ಕೆಲಸ್ರಿ. ಮ್ಯಾಲಿಂದೆಲ್ಲ ಕಂಬ ಹೊತ್ತಾವ. ಇದು ಬರೇ ಅಡ್ಡ ಗ್ವಾಡಿ.”

ನಾನು ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಿ ಅಂದೆ. ಅಕ್ಕನ ಮಗ ನಕ್ಕ.

“ಕಾಕಿ, ಈ ಮನಿ ಕಟ್ಟಿದವರು ಯಾವ ಇಂಜಿನಿಯರಗ ಕೇಳಿದ್ರು?”

“ಅವರು ಕಟ್ಟಾಕ ಹೊಂಟಿದ್ರು. ನೀ ಕೆಡವಾಕ ಹೊಂಟಿ. ಕೆಡವಾವನೇ ಕೇಳಬೇಕು.”

“ಕಾನ್ವೆಂಟ್ ಮಾತು ನೋಡವ್ವಾ,” ಅಂತ ತನ್ನ ತಾಯಿಗೆ ಕಣ್ಣು ಮಿಟುಕಿಸಿದ.

ನನ್ನ ನಿಜವಾದ ಕಾರಣವನ್ನು ನಾನು ಯಾರಿಗೂ ಹೇಳಿರಲಿಲ್ಲ. ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರ್ ದಾಟಿದಾಗೆಲ್ಲ ಜಂತಿಗಳ ಸಂದಿಯಿಂದ ಹಾಸಿಗೆ ಮೇಲೆ ಒಂದು ಗೆರೆ ಮಣ್ಣು ಉದುರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ಇದ್ದ ಹೆಜ್ಜೆ ಈಗ ಏಳೆಂಟು ಆಗಿದ್ದವು. ಟ್ರ್ಯಾಕ್ಟರ್ ಇಲ್ಲದ ಹೊತ್ತಿನಲ್ಲೂ.

ಗಾಣಗಾಪುರದ ಒಂದು ಲಾಡ್ಜಿನ ಮೇಲೆ ಇನ್ನೊಂದು ಅಂತಸ್ತು ಏರಿಸಲು ಲೆಕ್ಕ ಹಾಕಿಕೊಟ್ಟಿದ್ದ ಒಬ್ಬ ಇಂಜಿನಿಯರ್ ಸಿಕ್ಕ. ಕಲಬುರಗಿಯವನು, ಮೂವತ್ತೈದರ ಆಸುಪಾಸು, ಸಣಕಲು, ದಪ್ಪ ಕನ್ನಡಕ. ಗೋಡೆ ನೋಡುತ್ತಾನೆ ಅಂತ ನಾವೆಲ್ಲ ದಾರಿ ಬಿಟ್ಟು ನಿಂತರೆ ಅವನು ಗೋಡೆಗೆ ಬೆನ್ನು ಮಾಡಿ ಮೇಲೆ ನೋಡುತ್ತ ನಿಂತ. ಕೊಟ್ಟ ಚಹಾ ಕೆನೆಗಟ್ಟಿತು. ಆಮೇಲೆ ಪಡಸಾಲೆಯ ನಡುಗಂಬದ ಬಳಿ ಮೊಣಕಾಲೂರಿ ಕೂತ. ನಾವು ಸೋಮವಾರ ಸೋಮವಾರ ವಿಭೂತಿ ಹಚ್ಚುವ ಕಂಬ ಅದು. ಜೇಬಿನಿಂದ ಸ್ಟೀಲಿನ ಸ್ಕೇಲು ತೆಗೆದು ಕಂಬಕ್ಕೂ ಅದರ ಕೆಳಗಿನ ಕಲ್ಲಿಗೂ ನಡುವೆ ತೂರಿಸಿದ. ಸ್ಕೇಲು ಈ ಕಡೆ ಹೋಗಿ ಆ ಕಡೆ ಬಂತು.

“ಈ ಕಂಬ ಏನೂ ಹೊತ್ತಿಲ್ರಿ ಮೇಡಮ್,” ಅಂದ. “ಬುಡಾ ಗೆದ್ದಲು ತಿಂದದ. ಇದೇ ತೊಲಿಗೆ ಜೋತು ಬಿದ್ದದ.”

ಗೌಂಡಿ ಬಗ್ಗಿ ನೋಡಿ ಮುಖ ಒರೆಸಿಕೊಂಡ. ಇಡೀ ಮಾಳಿಗೆ ನಿಂತಿದ್ದದ್ದು ಆ ಅಡ್ಡಗೋಡೆಯ ಮೇಲೆ. ಅದಕ್ಕೆ ಒಂದು ಹೊಡೆತ ಬಿದ್ದಿದ್ದರೆ ಎಲ್ಲ ಕೆಳಗೆ ಬರುತ್ತಿತ್ತು.

ಗೋಡೆಯಲ್ಲಿ ತೊಲೆ ಕೂತ ಜಾಗದ ಕೆಳಗೆ ಒಂದು ಬಿರುಕಿತ್ತು. ಅದರ ಮೇಲೆ ಅಡ್ಡಕ್ಕೆ ಒಂದು ಗಾಜಿನ ಪಟ್ಟಿ ಅಂಟಿಸಿ, ಒಡೆದರೆ ಫೋನ್ ಮಾಡಿ ಅಂದ. ಆಮೇಲೆ ಮಾಳಿಗೆ ಹತ್ತಿ, ಬೆಳಕಿಂಡಿಯ ಬದಿಯಲ್ಲಿ ಮಣ್ಣಿನ ದಪ್ಪ ನೋಡಲು ಕೈ ಇಳಿಬಿಟ್ಟ. ಕಂಕುಳ ತನಕ ಇಳಿಯಿತು.

“ಇಷ್ಟು ಮಣ್ಣು ಯಾಕ್ರಿ?” ಅಂದ, ಕೆಳಗಿಳಿದು ಬಂದು.

ಎಲ್ಲರೂ ಅಕ್ಕನ ಕಡೆ ನೋಡಿದರು.

ನಮ್ಮ ಕಡೆ ಹಳೇ ಮನೆಗಳಿಗೆ ಜೂನ್ ಹೊತ್ತಿನ ಮಿರಗದ ಮಳೆ ಹತ್ತುವ ಮೊದಲು ಮಾಳಿಗೆಗೆ ಮಣ್ಣು ಹಾಕುತ್ತಾರೆ. ಊರಾಚೆ, ಒಂದು ಕಾಲಕ್ಕೆ ಹಳೇ ಊರಿದ್ದ ಹಾಳುದಿಬ್ಬದಿಂದ ಬಿಳಿ ಮಣ್ಣು ತಂದು, ನೀರು ಹೊಡೆದು, ಕಾಲಿನಿಂದ ತುಳಿದು, ಒಣಗಲು ಬಿಡುತ್ತಾರೆ. ಹೊಸದು ಹಾಕುವ ಮೊದಲು ಹಳೇದನ್ನು ಕೆರೆದು ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಕೆರೆಯುತ್ತಿರಲಿಲ್ಲ. ತೀರಿಕೊಂಡ ವರ್ಷ ಕೂಸು ಅಪ್ಪನ ಹಿಂದೆ ಹಿಂದೆ ಹಸಿ ಮಣ್ಣು ತುಳಿದಿತ್ತು. ನಾಲ್ಕನೇ ದಿನಕ್ಕೆ ಜ್ವರ, ವಾರದೊಳಗೆ ಮಣ್ಣು. ಮರುವರ್ಷ ಸಲಿಕೆ ಹಿಡಿದು ಬಂದ ಆಳುಗಳ ಮುಂದೆ ಅಕ್ಕ ನಿಚ್ಚಣಿಕೆ ಹಿಡಿದು ಕೂತಳಂತೆ. “ನನ್ನ ಕೂಸಿನ ಹೆಜ್ಜೆ ಅದಾವ, ಕೆರಿಬ್ಯಾಡ್ರಿ, ಮ್ಯಾಲಿಂದ ಹಾಕ್ರಿ,” ಅಂದಳಂತೆ. ಮಾವನವರಿಗೆ ಎದುರು ಮಾತಾಡಲು ಮನಸ್ಸಾಗಲಿಲ್ಲ. ಆಮೇಲೆ ಅದೇ ಪದ್ಧತಿಯಾಯಿತು. ವರ್ಷ ವರ್ಷ ಹಾಕಿದ್ದೇ ಹಾಕಿದ್ದು. ತೆಗೆದವರಿಲ್ಲ.

ಇಂಜಿನಿಯರ್ ಎಲ್ಲ ಕೇಳಿಸಿಕೊಂಡು ಮೆತ್ತಗೆ ಹೇಳಿದ. ಮಳೆಗಾಲಕ್ಕೆ ಈ ಮಣ್ಣು ನೀರು ಕುಡಿದರೆ ಗೋಡೆ ತಾಳುವುದಿಲ್ಲ. ಮೊದಲು ಎಲ್ಲ ಮಣ್ಣು ಇಳಿಯಬೇಕು, ಆಮೇಲೆ ಎರಡು ಉಕ್ಕಿನ ಬೀಮ್ ಕೂಡಿಸೋಣ. ಅಲ್ಲಿಯವರೆಗೆ ಈ ಕೋಣೆಯಲ್ಲಿ ಯಾರೂ ಮಲಗಬಾರದು.

“ನಾ ಮಲಗಾಕಿನೇ,” ಅಂದಳು ಅಕ್ಕ. “ಮಣ್ಣು ಮುಟ್ಟಬ್ಯಾಡ್ರಿ.”

ಮೂರನೇ ದಿನ ಮಧ್ಯಾಹ್ನ ಅವಳ ಕೋಣೆಯಲ್ಲಿ ನಾನೊಬ್ಬಳೇ ಎಚ್ಚರವಿದ್ದೆ. ಮೇಲೆ ಹೆಜ್ಜೆ ಶುರುವಾದವು. ಮೂರು, ನಾಲ್ಕು, ಐದು. ಗೋಡೆಯ ನೇರಕ್ಕೆ ಬಂದು ನಿಂತವು. ಉಗುರು ಮುರಿದಷ್ಟು ಸಣ್ಣ ಸದ್ದಾಯಿತು. ಹೋಗಿ ನೋಡಿದರೆ ಗಾಜು ಎರಡು ತುಂಡಾಗಿತ್ತು, ನಡುವೆ ಒಂದು ಕೂದಲೆಳೆ ಬೆಳಕು. ಎಕ್ಸ್‌ಪಾನ್ಷನ್, ಅಂದುಕೊಂಡೆ, ತುಟಿ ಅಲುಗಿಸಿ, ಜಪ ಮಾಡಿದ ಹಾಗೆ.

ಅಕ್ಕನನ್ನು ಎಬ್ಬಿಸಿದೆ.

“ಅಕ್ಕಾ, ಮಾಳಗಿ ಬೀಳ್ತದ.”

“ಬೀಳಲಿ. ನನ್ನ ಮ್ಯಾಲೇ ಬೀಳ್ತದ. ನಿಂಗ್ಯಾಕ ಫಿಕೀರು?”

“ಆಚೀ ಕಡೆ ಹನ್ನೆರಡು ಹುಡುಗ್ಯಾರು ಬಂದು ಕೂಡ್ತಾರ. ಅವರೂ ಯಾರೋ ಹಡದ ಮಕ್ಕಳೇ.”

ಅವಳು ಬಹಳ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ನಾನು ಕಟುಕಿಯ ಹಾಗೆ ಕಾದೆ. ಐ ಆ್ಯಮ್ ನಾಟ್ ಪ್ರೌಡ್ ಆಫ್ ಇಟ್. ಬೇರೆ ಮಾತು ನನಗೆ ಗೊತ್ತಿರಲಿಲ್ಲ.

“ಗುದ್ದಲಿ ಹಚ್ಚಬಾರದು,” ಅಂದಳು ಕೊನೆಗೆ. “ನಾನೂ ಮ್ಯಾಲ ಕೂಡತೇನಿ.”

ಕೋಣೆಯ ತುಂಬ ಕಬ್ಬಿಣದ ಜಾಕ್ ನಿಲ್ಲಿಸಿ ತೊಲೆಗಳಿಗೆ ಆಸರೆ ಕೊಟ್ಟರು. ಅಕ್ಕನ ಹಾಸಿಗೆ ನನ್ನ ಕೋಣೆಗೆ ಬಂತು. ಮರುದಿನ ಬೆಳಗ್ಗೆ ಅವಳನ್ನು ಇಬ್ಬರು ಹಿಡಿದು ಮಾಳಿಗೆಗೆ ಹತ್ತಿಸಿ, ಗೋಡೆಯ ನೇರಕ್ಕೆ ಕುರ್ಚಿ ಹಾಕಿ, ಕೈಗೆ ಛತ್ರಿ ಕೊಟ್ಟೆವು. ಗೌಂಡಿ ಮತ್ತು ನಾಲ್ಕು ಜನ ಆಳುಗಳು ಚಪ್ಪಟೆ ಸಲಿಕೆಯಿಂದ ಮೆಲ್ಲಗೆ ಎಬ್ಬಿಸತೊಡಗಿದರು. ಉಬ್ಬಿದ ಜೋಳದ ರೊಟ್ಟಿಯ ಮೇಲ್ಪದರ ಎದ್ದ ಹಾಗೆ ಒಂದೊಂದೇ ವರ್ಷದ ಮಣ್ಣು ಹೆಕ್ಕಳಿಕೆಯಾಗಿ ಬರುತ್ತಿತ್ತು. ಒಂದು ಬೂದಿ ಬಣ್ಣ, ಒಂದು ಹಳದಿ. ನಡುನಡುವೆ ಹಾಳುದಿಬ್ಬದ ಯಾರದೋ ಬಳೆಚೂರು.

ಮೂರನೇ ಪದರಿಗೆ ಗೌಂಡಿ ನಿಂತ. “ಇಲ್ಲಿ ನೋಡ್ರಿ.”

ಒಂದು ಸಣ್ಣ ಪಾದ. ಐದೂ ಬೆರಳು, ಹಿಮ್ಮಡಿ, ಎಲ್ಲ ಸ್ಪಷ್ಟ. ಅಕ್ಕನ ಮಂಚ ಇದ್ದ ಜಾಗದ ಮೇಲೆ.

ಇಂಜಿನಿಯರ್ ಬಗ್ಗಿ ನೋಡಿ ಹೇಳಿದ, “ಬಾಜೂ ಮನಿ ಹುಡುಗರು ಇರಬೇಕ್ರಿ. ಮಾಳಗಿಗೆ ಮಾಳಗಿ ಹತ್ತಿ ಅದಾವಲ್ಲ.”

ಸರಿಯಾದ ಮಾತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅವನಿಗೆ ಇನ್ನೊಂದು ಕಪ್ ಚಹಾ ತರಿಸಿದೆ. ಏಳನೇ ಪದರಿನಲ್ಲಿ ಮತ್ತೆ ಬಂತು. ಅದೇ ಜಾಗ. ಹತ್ತನೆಯದರಲ್ಲೂ, ಹದಿಮೂರನೆಯದರಲ್ಲೂ. ಅವನು ಸ್ಕೇಲು ತೆಗೆದು ಅಳೆದ. ಅದರ ಕೆಳಗೆ ಸಿಕ್ಕಿದ್ದನ್ನೂ ಅಳೆದ. ನಾಲ್ಕನೇ ಪಾದ ಅಳೆದ ಮೇಲೆ ಸ್ಕೇಲನ್ನು ಜೇಬಿಗಿಟ್ಟು, ಕನ್ನಡಕ ತೆಗೆದು ಒರೆಸತೊಡಗಿದ, ಬಹಳ ಹೊತ್ತು. ಬಾಜೂ ಮನೆಯ ಹುಡುಗರು ಬೆಳೆಯುತ್ತಾರೆ. ಈ ಪಾದ ಅಷ್ಟೇ ಇತ್ತು. ಆಳುಗಳು ಸಲಿಕೆಯನ್ನು ಇನ್ನೂ ಮೆಲ್ಲಗೆ ಆಡಿಸತೊಡಗಿದರು.

ಅಕ್ಕನಿಗೆ ಮಾತ್ರ ಆಶ್ಚರ್ಯವೇ ಇರಲಿಲ್ಲ. ಛತ್ರಿಯ ನೆರಳಿನಿಂದ, “ವರ್ಷಾ ವರ್ಷಾ ಬರತಾಳ. ಹಸಿ ಮಣ್ಣು ಕಂಡ್ರ ತಡಿಯೂದಿಲ್ಲ ಆಕಿ,” ಅಂದಳು. ಪಕ್ಕದ ಓಣಿಯ ಹುಡುಗಿಯ ತುಂಟತನ ಹೇಳಿದ ಹಾಗೆ.

ತಳದ ಪದರು ಮೂರನೇ ದಿನ ಸಿಕ್ಕಿತು. ಅಲ್ಲಿ ಸಣ್ಣ ಪಾದದ ಪಕ್ಕ ದೊಡ್ಡ ಪಾದವಿತ್ತು. ಒಂದು ಜೋಡಿ ದೊಡ್ಡದು, ಒಂದು ಜೋಡಿ ಸಣ್ಣದು, ಬೆಳಕಿಂಡಿಯಿಂದ ನಿಚ್ಚಣಿಕೆಯ ತನಕ. ಅಕ್ಕ ಕುರ್ಚಿಯಿಂದಿಳಿದು ಮೊಣಕಾಲೂರಿದಳು. ಸಣ್ಣದರ ಮೇಲೆ ಕೈ ಇಡುತ್ತಾಳೆ ಅಂದುಕೊಂಡೆ. ಇಟ್ಟದ್ದು ದೊಡ್ಡದರ ಮೇಲೆ.

“ಇವರ ಕಿರಿಬೆರಳು ನೋಡಬೇ,” ಅಂದಳು ನನಗೆ. “ಹಾಂಗೇ ಸೊಟ್ಟ. ಯಾವ ಚಪ್ಪಲಿನೂ ಬರತಿದ್ದಿಲ್ಲ.”

ಆ ಒಂದು ಪದರನ್ನು ಬಿಡಬಹುದೇನೋ ಅಂತ ನಾನು ಇಂಜಿನಿಯರ್ ಮುಖ ನೋಡಿದೆ. ಅವನು ಆಗಲ್ಲ ಅಂತ ತಲೆ ಅಲ್ಲಾಡಿಸಿದ. ಕೆಳಗಿನ ಹಲಗೆಗಳೇ ಕೊಳೆತು ಹೋಗಿದ್ದವು. ಅಕ್ಕ ಅದನ್ನು ನೋಡಿದಳು. ಎದ್ದು, ಸೀರೆಯ ಮಣ್ಣು ಕೊಡವಿಕೊಂಡು, “ತಗೀರಿ,” ಅಂದಳು. ಆದರೆ ಕೆಳಗೆ ಹೋಗಲಿಲ್ಲ. ಕೊನೆಯ ಬುಟ್ಟಿ ಇಳಿಯುವ ತನಕ ನಿಂತಿದ್ದಳು.

ಉಕ್ಕಿನ ಬೀಮ್‌ಗಳು ಎಂಟು ಜನರ ಹೆಗಲ ಮೇಲೆ ತಲಬಾಗಿಲಿನಿಂದ ಒಳಗೆ ಬಂದವು. ಹೊಸ ಕಂಬ ನಿಂತವು, ಹಲಗೆ ಹೊಸದಾಯಿತು, ಮೇಲೆ ಮಣ್ಣಿನ ಬದಲು ತೆಳುವಾದ ಕಾಂಕ್ರೀಟು. ಗೋಡೆ ಹೋಯಿತು. ಅಷ್ಟು ದಿನವೂ ಅಕ್ಕ ನನ್ನ ಕೋಣೆಯಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಊಟ ಅರ್ಧಕ್ಕರ್ಧ ಆಗಿತ್ತು. ಈ ಕೋಣೆಯಲ್ಲಿ ನಿದ್ದೆ ಬರಲ್ಲ ಅಂತ ಒಂದು ದಿನವೂ ಹೇಳಲಿಲ್ಲ. ಬರುತ್ತಿರಲಿಲ್ಲ, ನಾನು ನೋಡುತ್ತಿದ್ದೆ. ಅವಳನ್ನು ಬದುಕಿಸಿದೆನೋ, ಅವಳ ಕೈಯಿಂದ ಏನನ್ನೋ ಕಿತ್ತುಕೊಂಡೆನೋ, ನನಗೇ ತಿಳಿಯದಾಗಿತ್ತು.

ಜಾಕ್ ಸಡಿಲಿಸುವ ದಿನ ಇಂಜಿನಿಯರ್ ತಾನೇ ಬಂದ. ಒಂದೊಂದು ಜಾಕನ್ನೂ ಕಾಲು ಸುತ್ತು ತಿರುಗಿಸಿ, ನಿಂತು, ಮೇಲೆ ನೋಡಿ, ಮತ್ತೆ ತಿರುಗಿಸುತ್ತಿದ್ದ. ಕೊನೆಯದು ಸಡಿಲವಾಗಿ ಕೈಗೆ ಬಂತು. ಬೀಮ್ ಅಲುಗಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಇಂಜಿನೇರಪ್ಪ, ಮಜಬೂತ್ ಆತೇನು?”

“ಹೌದ್ರಿ ಅಜ್ಜಿ.”

“ಮ್ಯಾಲ ಒಂದು ಕೂಸು ನಡದ್ರ ತಡಿತದೇನು?”

ಅಕ್ಕನ ಮಗ ಮುಖ ತಿರುಗಿಸಿದ. ಗೌಂಡಿ ಜಾಕ್ ಎತ್ತುವುದನ್ನು ಬಿಟ್ಟ. ಇಂಜಿನಿಯರ್ ನಗುತ್ತಾನೇನೋ ಅಂತ ನಾನು ನೋಡಿದೆ. ಅವನು ನಗಲಿಲ್ಲ. ಬೀಮನ್ನೊಮ್ಮೆ ತುದಿಯಿಂದ ತುದಿಗೆ ನೋಡಿ, ನಿಜವಾಗಿ ಲೆಕ್ಕ ಹಾಕಿದವನ ಹಾಗೆ, “ಕುಣದ್ರೂ ತಡಿತದ್ರಿ ಅಜ್ಜಿ,” ಅಂದ.

“ಹಾಂಗಾದ್ರ ಆತು,” ಅಂದಳು. ನನ್ನ ಕೋಣೆಗೆ ಹೋಗಿ ತನ್ನ ಹಾಸಿಗೆ ಸುರುಳಿ ಸುತ್ತಿದಳು. ನಾನು ಒಂದು ತುದಿ ಹಿಡಿಯಲು ಹೋದರೆ ಕೈ ಸರಿಸಿ, ತಾನೇ ಎದೆಗವಚಿಕೊಂಡು, ಹಾಲಿನಲ್ಲಿ ತನ್ನ ಹಳೇ ಜಾಗಕ್ಕೆ ಕಟ್ಟಿದ ಪರದೆಯ ಹಿಂದೆ ಹೋದಳು.