ಮುಚ್ಚಳದ ಮೇಲಿನ ಕೆಂಡ

ಮಧ್ಯದ ಗುಂಡಿಯ ಸುತ್ತ ಮೂರು ಪುಟ್ಟ ಚಿತ್ರಗಳಿವೆ: ಚೌಕದ ತಳದಲ್ಲಿ ಒಂದು ಗೆರೆ, ಚೌಕದ ನೆತ್ತಿಯಲ್ಲಿ ಒಂದು ಗೆರೆ, ಮೂರನೆಯದರಲ್ಲಿ ಎರಡೂ. ಕೆಳಗಿನಿಂದ ಕಾವು, ಮೇಲಿನಿಂದ ಕಾವು, ಎರಡೂ ಕಡೆಯಿಂದ ಕಾವು ಎಂದು ಅರ್ಥ. ಆ ಗುಂಡಿ ಇರುವುದು ಕಾರವಾರದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿಯ ಓವನ್ನಿನಲ್ಲಿ. ಅದನ್ನು ಮೊದಲ ಸಲ ಹತ್ತಿರದಿಂದ ನೋಡಿದಾಗ, ನಮ್ಮ ಆಯಿ, ಎಂದರೆ ಅಮ್ಮ, ಊರಿನಲ್ಲಿ ಬೊಬ್ರುವಾಡದ ಮನೆಯ ಹಿತ್ತಿಲಲ್ಲಿ ಕಣ್ಣೊರೆಸಿಕೊಳ್ಳುತ್ತ ಮಾಡುವ ಕೆಲಸವನ್ನು ಯಾರೋ ಎರಡು ಗೆರೆಗಳಲ್ಲಿ ಬರೆದಿಟ್ಟಿದ್ದಾರೆ ಅನಿಸಿತು.

ಆ ಕೆಲಸದ ಹೆಸರು ಗೆಂಡದಡ್ಡೆ. ಮೊಗೆಕಾಯಿ ಎನ್ನುವ ಸೌತೆಯ ತುರಿ, ಬೆಲ್ಲ, ಕಾಯಿತುರಿ, ಹುರಿದ ಅಕ್ಕಿರವೆ ಕಲಸಿ, ಬಾಳೆಲೆ ಹಾಸಿದ ದಪ್ಪ ಪಾತ್ರೆಗೆ ಸುರಿದು, ಅದನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುವ ಹಬ್ಬದ ಸಿಹಿ. ಕೆಂಡಕ್ಕೆ ತೆಂಗಿನ ಗರಟೆ ಮತ್ತು ಸಿಪ್ಪೆ. ಸಿಪ್ಪೆ ಒಣಗಿದ್ದರೂ ಹೊಗೆ ಬಿಡದೆ ಉರಿಯುವುದಿಲ್ಲ. ಮುಚ್ಚಳದ ಮೇಲಿನ ಕೆಂಡ ಆರಿದರೆ ಮೇಲ್ಭಾಗ ಹಸಿಯಾಗಿಯೇ ಉಳಿಯುತ್ತದೆ. ಹಾಗಾಗಿ ಯಾರಾದರೂ ಅದರ ಪಕ್ಕದಲ್ಲಿ ಕೂತು ಊದುತ್ತಲೇ ಇರಬೇಕು. ನಮ್ಮ ಮನೆಯಲ್ಲಿ ಆ ಯಾರಾದರೂ ಎಂದರೆ ಆಯಿ.

ಆಯಿಗೆ ಕೆಲವು ವರ್ಷಗಳಿಂದ ಉಬ್ಬಸ. ಅಂಕೋಲೆಯ ಡಾಕ್ಟರು ಬಾಯಿಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟು, ಹೊಗೆಯ ಹತ್ತಿರ ಸುಳಿಯಬೇಡಿ ಎಂದಿದ್ದಾರೆ. ದಿನದ ಅಡುಗೆಗೆ ಗ್ಯಾಸ್ ಇದೆ. ಅವಳು ಹೊಗೆಯಲ್ಲಿ ಕೂರುವುದು ಈ ಒಂದು ತಿಂಡಿಗೆ ಮಾತ್ರ, ಹಬ್ಬಗಳಲ್ಲಿ ಮಾತ್ರ. ಪ್ರತಿ ಸಲವೂ ಆಮೇಲೆ ಹಲವು ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ.

ನನಗೆ ಸಂಬಳದ ಕೆಲಸವಿದೆ, ಓವನ್ ತರುವುದು ಕಷ್ಟವಲ್ಲ. ಕಷ್ಟ ಇರುವುದು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುವವರಲ್ಲಿ. ಅಪ್ಪನ ಹತ್ತಿರ ಪ್ರಸ್ತಾಪಿಸಿದಾಗ, "ಆ ದಪ್ಪ ಪಿನ್ನು ನಮ್ಮನೆ ಗ್ವಾಡೇಲಿ ಎಲ್ಲಿ ಹೊಕ್ತದೆ? ಬರೂ ವರ್ಷ ನೋಡ್ವ" ಎಂದ. ಬರುವ ವರ್ಷ ಬಂದು ಹೋಯಿತು. ಮತ್ತೆ ಕೇಳಿದಾಗ ಅದೇ ಮಾತು ಹೇಳಿದ. ಆಯಿ ಇನ್ನೂ ನೇರವಾಗಿ, "ತಕಂಡ್ ಬಂದ್ರೆ ನಾ ಮುಟ್ಟೂದಿಲ್ಲ ನೋಡು. ನೀನೇ ಅದ್ರ ಮುಂದೆ ಕೂತ್ಕ" ಎಂದಳು.

ಕೊನೆಗೆ ಮಾಡಿಯೇ ತೋರಿಸೋಣ ಎಂದು, ಚವತಿಗೆ ಊರಿಗೆ ಹೊರಡುವ ಮುನ್ನ ಒಡತಿಯ ಬಾಗಿಲು ತಟ್ಟಿದೆ. ಯಾರ ವಸ್ತುವನ್ನೂ ಕೇಳಿ ಅಭ್ಯಾಸವಿಲ್ಲದ ನನಗೆ ಅದೇ ದೊಡ್ಡ ಸಾಹಸ.

"ಅಗೋ ಬಾಯ್, ಕೇಳೂದೆಂತ ಅದ್ರಲ್ಲಿ?" ಎಂದರು ಅವರು, ಕೊಂಕಣಿಯಲ್ಲಿ ಹುಡುಗಿಯರನ್ನು ಕರೆಯುವ ಹಾಗೆ. "ಕ್ರಿಸ್ಮಸ್ ಕೇಕ್ ಆದ್ಮೇಲೆ ಅದ್ರ ಮೇಲೆ ನಾನು ಹಳೇ ಪೇಪರ್ ಇಡೂದು. ಉಪಯೋಗ ಆಗ್ಲಿ."

ಎರಡೂ ಗೆರೆಗಳ ಚಿತ್ರಕ್ಕೆ ಗುಂಡಿ ತಿರುಗಿಸಿದೆ. ಗೆಂಡದಡ್ಡೆ ಸಮನಾಗಿ ಬೆಂದು, ಅಂಚಿನಲ್ಲಿ ಬೆಲ್ಲ ಕಂದಾಗಿ ಹೊರಬಂತು. ಊರಿಗೆ ಒಯ್ದು ಏನೂ ಹೇಳದೆ ಆಯಿಯ ಮುಂದಿಟ್ಟೆ.

"ಚಲೋ ಬೆಂದದೆ. ಯಾರ ಮನೇದು?"

ಹೇಳಿದೆ. ಅವಳು ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ವಾಪಸ್ಸಿಟ್ಟಳು. "ಹೂಂ. ಅದ್ಕೇಯ, ಕೇಕಿನಂಗೆ ಆಗ್ಯದೆ."

ಆಗ ಬಂದ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಆದರೆ ಅವಳು ಯಾಕೆ ಹಾಗೆ ಮಾಡಿದಳೆಂದು ನನಗೆ ಗೊತ್ತು. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ಮಾತು ಬರುತ್ತದೆ, ಸರಿಯಾಗಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಗೆಂಡದಡ್ಡೆಯ ದಿನ ಮಾತ್ರ ಅಪ್ಪನ ಕಡೆಯವರೆಲ್ಲ ಆಯಿಯ ಕೈಯನ್ನು ಹೊಗಳುತ್ತಾರೆ. ಆ ಹೊಗಳಿಕೆಗಾಗಿ ಅವಳು ಉಸಿರನ್ನೇ ಕೊಡುತ್ತಿದ್ದಾಳೆ. ಅದನ್ನು ಅವಳಿಗೆ ಹೇಗೆ ಹೇಳುವುದು?

ಈ ದೀಪಾವಳಿಗೆ ಹಿಲ್ಲೂರಿನಿಂದ ಅತ್ತೆ ಬಂದಿದ್ದಳು. ಅಪ್ಪನ ಅಕ್ಕ. ಆಯಿ ಹಿತ್ತಿಲಲ್ಲಿ ಕೆಂಡ ಊದುತ್ತಿದ್ದರೆ ಅತ್ತೆ ಹೊಗೆ ತಾಗದ ಮೆಟ್ಟಿಲಲ್ಲಿ ಕೂತು ಎಲೆಯಡಿಕೆಯ ಕವಳ ಹಾಕುತ್ತಿದ್ದಳು.

"ನಿನ್ನ ಮಗಳಿಗೆ ಕರೆಂಟಿನ ಪೆಟ್ಟಿಗೇಲಿ ಅಡ್ಡೆ ಮಾಡೂಕೆ ಆಸೆ ಅಂತಲ್ಲೇ!"

"ಕಲ್ತವ್ರು, ಅತ್ತಿಗೆ," ಎಂದು ಆಯಿ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಊದುವ ಕೊಳವೆ ಕಸಿದುಕೊಂಡು, ನೀರು ಕುಡಿ ಎಂದು ಅವಳನ್ನು ಒಳಗೆ ಕಳಿಸಿದೆ.

ಅವಳು ಒಳಗೆ ಹೋದದ್ದೇ ತಡ, ಅತ್ತೆ ಎದ್ದು ಬಂದಳು. "ಬೆಂತನ ನೋಡ್ವ" ಎನ್ನುತ್ತ, ನಾನು ಬೇಡ ಅನ್ನುವಷ್ಟರಲ್ಲಿ ಇಕ್ಕಳದಿಂದ ಮುಚ್ಚಳ ಎತ್ತಿದಳು. ಕೆಂಡ ತುಂಬಿದ ಮುಚ್ಚಳವನ್ನು ಒಂದಿಷ್ಟೂ ಓರೆಯಾಗದಂತೆ ಎತ್ತಬೇಕು. ಅದು ಓರೆಯಾಯಿತು. ಬೂದಿಯೂ ಎರಡು ಮೂರು ಕೆಂಡವೂ ಪಾತ್ರೆಯೊಳಗೆ ಬಿದ್ದವು.

"ಅಯ್ಯೋ, ಮುಚ್ಚಳವೇ ಜಾರ್ತು!" ಎಂದಳು ಅತ್ತೆ, ತಪ್ಪು ಮುಚ್ಚಳದ್ದೇ ಎಂಬಂತೆ. ಆಯಿ ಹೊರಗೆ ಬಂದು ಪಾತ್ರೆಯನ್ನೇ ನೋಡುತ್ತ ನಿಂತಳು. ಅತ್ತೆ ಮುಂದುವರಿಸಿದಳು: "ಮೇಲಿಂದು ಕೆರೆದು ತೆಗುದ್ರೆ ಮನೆಯವ್ರಿಗೆ ಸಾಕು. ನಂಗೆ ಹಿಲ್ಲೂರಿಗೆ ಒಯ್ಯೂಕೆ ನಾಳೆ ಬೆಳಗಾಗೆ ಇನ್ನೊಂದು ಹಾಕು. ಸೊಸೆ ಕಾಯ್ತಾ ಕೂತದೆ."

ಆಯಿ ಆಗಲಿ ಎಂಬಂತೆ ತಲೆಯಾಡಿಸಿದಳು. ಮಾತಾಡಲು ಅವಳಲ್ಲಿ ಉಸಿರಿರಲಿಲ್ಲ.

"ಆಯಿಗೆ ಆಗೂದಿಲ್ಲ ಅತ್ತೆ. ಉಸಿರು ಕಟ್ತಾ ಇದೆ, ಕಾಣೂದಿಲ್ವಾ?" ಎಂದೆ. ನನ್ನ ದನಿ ನನಗೇ ಅಪರಿಚಿತವಾಗುವಷ್ಟು ಜೋರಾಗಿತ್ತು.

"ಹೊಗೆ ಕುಡೀದೆ ಯಾವ ಹೆಂಗಸು ಅಡುಗೆ ಮಾಡಿದ್ಲು ಮಗಾ? ನಾವೆಲ್ಲ ಸತ್ತೇ ಹೋದ್ವ?"

ಆಯಿ ನನ್ನ ಕಡೆ ತಿರುಗಿ, ಒಂದೊಂದೇ ಶಬ್ದ ಎಳೆದು ಹೇಳಿದಳು: "ಹಬ್ಬದ ದಿವ್ಸ... ಎಂತಕ್ಕೆ... ಬಾಯಿ ಮಾಡ್ತೆ?"

ಮಧ್ಯಾಹ್ನ ಊಟಕ್ಕೆ ಕೂತಾಗ, ಮೇಲ್ಭಾಗ ಕೆರೆದು ತೆಗೆದ ಗೆಂಡದಡ್ಡೆಯನ್ನು ಬಾಯಿಗಿಟ್ಟು ಅಪ್ಪ, "ಕೆಂಡದ್ದು ರುಚಿಯೇ ಬೇರೆ" ಎಂದ. ಅವನ ಹಲ್ಲಿಗೆ ಬೂದಿ ಸಿಕ್ಕಿರಲೇಬೇಕು. ನನ್ನ ಹಲ್ಲಿಗೆ ಸಿಕ್ಕಿತು. ಆಯಿಯ ಮುಖ ಅರಳಿತು. ಅಷ್ಟು ದಿನ ನಾನು ಕೂಡಿಟ್ಟುಕೊಂಡಿದ್ದ ವಾದಗಳೆಲ್ಲ ಆ ಒಂದು ಮಾತಿನ ಮುಂದೆ ಕೆಲಸಕ್ಕೆ ಬಾರದವಾದವು. ಸಂಜೆ ಅವಳು ಮತ್ತೊಂದು ಮೊಗೆಕಾಯಿ ತುರಿದು, ರವೆ ನೆನೆಯಲೆಂದು ಹಿಟ್ಟನ್ನು ಕಲಸಿ ಮುಚ್ಚಿಟ್ಟಳು. ಗರಟೆಯನ್ನೂ ಜೋಡಿಸಿಟ್ಟಳು. ಮಲಗುವ ಹೊತ್ತಿಗೆ ಅವಳ ಎದೆಯ ಸುಂಯ್‌ಗುಡುವಿಕೆ ಪಕ್ಕದ ಕೋಣೆಗೂ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದೆ. ಹಿಟ್ಟನ್ನೆಲ್ಲ ಬಾಳೆಲೆಯಲ್ಲಿ ಮಡಚಿ, ಇಡ್ಲಿ ಪಾತ್ರೆಯಲ್ಲಿ ಜೋಡಿಸಿ, ಗ್ಯಾಸ್ ಹಚ್ಚಿದೆ. ಪಾತ್ರೆಯಲ್ಲಿ ಒಂದು ಚಮಚದಷ್ಟೂ ಹಿಟ್ಟು ಉಳಿಸಲಿಲ್ಲ. ಆಯಿ ಬಂದು ಬಾಗಿಲಲ್ಲಿ ನಿಂತಳು.

"ಯಾರ್ ಹೇಳಿದ್ರು ನಿಂಗೆ?"

"ಯಾರೂ ಹೇಳಲಿಲ್ಲ."

ಅವಳು ಬರಿದಾದ ಪಾತ್ರೆಯನ್ನು ಎತ್ತಿ ನೋಡಿ, ಸದ್ದು ಬರುವ ಹಾಗೆ ಕೆಳಗಿಟ್ಟು ಹೋದಳು. ಆದರೆ ಹಿತ್ತಿಲ ಬಾಗಿಲು ತೆರೆಯಲಿಲ್ಲ.

ಅತ್ತೆ, ಒಯ್ಯಲೆಂದು ನಾನು ತುಂಬಿಕೊಟ್ಟ ಡಬ್ಬಿಯ ಮುಚ್ಚಳ ತೆಗೆದು, "ಇದು ಕಡಬು ಅಲ್ವನೆ?" ಎಂದಳು.

"ಹೌದು, ಕಡಬು" ಎಂದೆ. ಡಬ್ಬಿಯನ್ನು ಅವಳ ಚೀಲಕ್ಕೆ ಹಾಕಿ, ಚೀಲವನ್ನು ನಾನೇ ಹೊತ್ತು, ಹಿಲ್ಲೂರಿನ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ.