ಡೇರಿಯ ಕಂಪ್ಯೂಟರಿನಲ್ಲಿ ಎಂಟು ದಿನ

ನಮ್ಮ ಬಾಸ್‌ಗೆ ಒಂದು ಚಾಳಿಯಿತ್ತು. ಕಂಪನಿಯ ಸಾಫ್ಟ್‌ವೇರ್ ಎಲ್ಲಿ ಕೈಕೊಟ್ಟರೂ ಅಲ್ಲಿ ಕೂತು ಕೆಲಸ ಮಾಡುವವರ ತಲೆಯ ಮೇಲೆ ಗೂಬೆ ಕೂರಿಸುವುದು. ಸೂಲಿಬೆಲೆ ಕಡೆಯ ಒಂದು ಹಾಲಿನ ಡೇರಿಯಲ್ಲಿ ಒಬ್ಬರ ಹಾಲಿನ ಫ್ಯಾಟ್, ಅಂದರೆ ಹಾಲಿಗೆ ರೇಟು ಕಟ್ಟುವ ಜಿಡ್ಡಿನ ಅಳತೆ, ಇನ್ನೊಬ್ಬರ ಹೆಸರಿಗೆ ಬೀಳತೊಡಗಿದಾಗಲೂ ಅದನ್ನೇ ಮಾಡಿದ. ಅಲ್ಲಿ ಹಾಲು ಟೆಸ್ಟ್ ಮಾಡುವ ಹೆಂಗಸು ಬೇಕೆಂದೇ ತನ್ನ ಓರಗಿತ್ತಿಗೆ ಹೆಚ್ಚು ಫ್ಯಾಟ್ ಹಾಕುತ್ತಿದ್ದಾಳೆ ಎಂದು ಡೇರಿಯ ಸೆಕ್ರೆಟರಿಗೆ ಫೋನಿನಲ್ಲೇ ಹೇಳಿಬಿಟ್ಟ. ಸೆಕ್ರೆಟರಿಗೂ ಅಷ್ಟೇ ಬೇಕಿತ್ತು. ಆ ಕೆಲಸಕ್ಕೆ ಅವನ ನಾದಿನಿ ಕಾದು ಕೂತಿದ್ದಳು.

ನನಗೆ ಮೈಯೆಲ್ಲ ಉರಿಯಿತು. ತಪ್ಪು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಟೆಸ್ಟಿಂಗ್ ಮೆಷಿನ್ನು ಹೇಳಿದ್ದನ್ನು ಕೇಳಿಸಿಕೊಂಡು ಡೇರಿಯ ಖಾತೆಗೆ ದಾಟಿಸುವ ನಡುವಿನ ತಂತ್ರಾಂಶವನ್ನು ಮಿಡಲ್‌ವೇರ್ ಎನ್ನುತ್ತೇವೆ. ಒಂದು ಥರದ ದಳ್ಳಾಳಿ. ಜನ ಹೆಚ್ಚಾದಾಗ ನಮ್ಮ ದಳ್ಳಾಳಿ ಗಕ್ಕನೆ ನಿಂತು, ಆಮೇಲೆ ಒಬ್ಬರ ಫ್ಯಾಟನ್ನು ಅವರ ಹಿಂದೆ ನಿಂತವರ ಹೆಸರಿಗೆ ತಳ್ಳುತ್ತಿತ್ತು. ಓರಗಿತ್ತಿ ದಿನಾ ಕ್ಯಾನು ಹಿಡಿದು ನಿಲ್ಲುತ್ತಿದ್ದದ್ದು ಎಮ್ಮೆ ಹಾಲು ತರುವ ಒಬ್ಬ ಮುದುಕಪ್ಪನ ಹಿಂದೆ. ಇಷ್ಟನ್ನೂ ಬಿಡಿಸಿ ಹೇಳಿದರೆ ಬಾಸ್, "ಪ್ರೂಫ್ ತಗೊಂಡ್ ಬಾರಮ್ಮ, ಆಮೇಲ್ ಮಾತಾಡಣ" ಎಂದ.

ತರೋಣ ಎಂದುಕೊಂಡು ಸ್ಕೂಟರ್ ಏರಿ ಹೋದೆ. ಡೇರಿಯ ಕಂಪ್ಯೂಟರಿನಲ್ಲೇ ಒಂದು ಮಾನಿಟರಿಂಗ್ ಸರ್ವರ್ ಓಡಿಸಿದೆ. ಅದೇನು ದೊಡ್ಡ ವಿದ್ಯೆಯಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಹೊಡೆದರೆ, ಸರ್ವರ್ ತನಗೆ ಬೇಕಾದ್ದನ್ನೆಲ್ಲ ಕಟ್ಟಿಕೊಂಡು ಕಂಟೈನರ್ ಎಂಬ ಡಬ್ಬಿಯೊಳಗೆ ಓಡತೊಡಗುತ್ತದೆ. ಬ್ರೌಸರಿನಲ್ಲಿ ಪುಟ ತೆರೆದರೆ ದಳ್ಳಾಳಿ ಯಾವ ನಿಮಿಷ ನಿಂತಿತು, ಯಾರ ಫ್ಯಾಟನ್ನು ಎಲ್ಲಿ ಹಾಕಿತು, ಎಲ್ಲ ಕಾಣುತ್ತದೆ. ಎಂಟು ದಿನ ಬಂದು ಬಂದು ನೋಡಿದೆ. ಬೆಳಿಗ್ಗೆ ಜನ ಸೇರುತ್ತಲೇ ಕೆಂಪು ಗೆರೆ ಏಳುತ್ತಿತ್ತು. ಟೆಸ್ಟರಮ್ಮನಿಗೂ ತೋರಿಸಿ, ಡೇರಿಯ ಡೈರೆಕ್ಟರುಗಳೂ ನಮ್ಮ ಬಾಸೂ ಸೇರುವ ಸೋಮವಾರದ ಮೀಟಿಂಗಿನಲ್ಲಿ ಇದನ್ನೇ ತೆರೆದು ಎಲ್ಲರ ಬಾಯಿ ಮುಚ್ಚಿಸುತ್ತೇನೆ, ನಿಮ್ಮ ಕೆಲಸ ಎಲ್ಲೂ ಹೋಗುವುದಿಲ್ಲ ಎಂದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳುವ ಬುದ್ಧಿಯೂ ನನಗೆ ಬರಲಿಲ್ಲ. ಎಲ್ಲರ ಮುಂದೆ ಪರದೆ ತೋರಿಸಿ ಬಾಸ್ ಮುಖ ಬಾಡುವುದನ್ನು ನೋಡಬೇಕೆಂಬ ಹಟ.

ಸೋಮವಾರ ಹೋದರೆ ಕಂಪ್ಯೂಟರ್ ಥಳಥಳ ಹೊಳೆಯುತ್ತಿದೆ. ನೆತ್ತಿಗೆ ಅರಿಶಿನ ಕುಂಕುಮ, ಮೇಲೊಂದು ಸೇವಂತಿಗೆ. ಬೆಳಗಿನ ಹಾಲು ಮುಗಿದ ಮೇಲೆ ಟೆಸ್ಟರಮ್ಮ ಡೇರಿಯನ್ನೆಲ್ಲ ತೊಳೆದಿದ್ದಳು. ಒದ್ದೆ ಬಟ್ಟೆ ತಾಗಿಸುವ ಮುಂಚೆ ಕಂಪ್ಯೂಟರ್ ಆಫ್ ಮಾಡಬೇಕೆಂದು ಯಾರೋ ಕಲಿಸಿದ್ದರು. ಹಾಗೇ ಮಾಡಿ, ಒರೆಸಿ, ಪೂಜೆ ಮುಗಿಸಿ ಮತ್ತೆ ಆನ್ ಮಾಡಿದ್ದಳು. ತನ್ನ ಮಾನ ಉಳಿಸಬೇಕಾದ ಪೆಟ್ಟಿಗೆಗೆ ಆಕೆ ಇನ್ನೇನು ತಾನೇ ಮಾಡಿಯಾಳು.

ಪುಟ ತೆರೆಯಲಿಲ್ಲ. ಅದೇ ಕಮಾಂಡನ್ನು ಮತ್ತೆ ಹೊಡೆದೆ. ತೆರೆಯಿತು, ಪೂರ್ತಿ ಖಾಲಿ. ಎಂಟು ದಿನದ ಒಂದು ಗೆರೆಯೂ ಇರಲಿಲ್ಲ. ಆಗ ಕಣ್ಣಿಗೆ ಬಿತ್ತು, ನನ್ನ ಕಮಾಂಡಿನ ನಡುವೆ ಒಂದು ಪುಟ್ಟ ಪದ: ನಿಂತ ಕೂಡಲೇ ಡಬ್ಬಿಯನ್ನು ಒಳಗಿರುವುದರ ಸಮೇತ ಎಸೆದುಬಿಡು ಎನ್ನುವ ಅಪ್ಪಣೆ. ಆಫೀಸಿನಲ್ಲಿ ಸುಮ್ಮನೆ ಪರೀಕ್ಷೆಗೆ ಓಡಿಸುವಾಗ ಕಸ ಉಳಿಯಬಾರದೆಂದು ಹಾಕುತ್ತಿದ್ದೆ. ಅಭ್ಯಾಸಬಲದಿಂದ ಇಲ್ಲೂ ಹಾಕಿದ್ದೆ. ನಾಳೆ ಬೆಳಿಗ್ಗೆ ಬಂದು ನೋಡಿ ಎನ್ನುವ ಹಾಗೂ ಇರಲಿಲ್ಲ, ಬಾಸ್ ಭಾನುವಾರವೇ ಆಫೀಸಿನಿಂದ ಸದ್ದಿಲ್ಲದೆ ದಳ್ಳಾಳಿಯನ್ನು ರಿಪೇರಿ ಮಾಡಿಸಿದ್ದ. ಹಲ್ಕಾ ನನ್ಮಗ.

ಕಂಪ್ಯೂಟರ್ ಆಫ್ ಆಗಿ ಎಲ್ಲ ಅಳಿಸಿಹೋಗಿದೆ ಎಂದಷ್ಟೇ ಹೇಳಿದೆ. ಆಫ್ ಮಾಡಿದ್ದು ಯಾರು ಎಂದು ಸೆಕ್ರೆಟರಿ ಕೇಳಿದ.

"ನಾನೇ ಸಾರ್, ಒರ್ಸಕ್ಕೆ" ಎಂದಳು ಟೆಸ್ಟರಮ್ಮ.

ಸಿಕ್ಕಿಬೀಳುತ್ತೇನೆಂದೇ ಅಳಿಸಿದ್ದಾಳೆ ಎಂದು ಅವನು ಡೈರೆಕ್ಟರುಗಳ ಕಡೆ ತಿರುಗಿದ. ಆಫ್ ಮಾಡಿದ್ದು ತಪ್ಪಲ್ಲ, ತಪ್ಪು ನನ್ನ ಕಮಾಂಡಿನದು ಎನ್ನಲು ನನಗೆ ಒಂದು ಉಸಿರು ಸಾಕಿತ್ತು. ಬಾಸ್ ನನ್ನನ್ನೇ ನೋಡುತ್ತಿದ್ದ. ನಾನು ಎಲ್ಲಿ ಎಡವುತ್ತೇನೋ ಎಂದು ಎರಡು ವರ್ಷದಿಂದ ಕಾಯುತ್ತಿದ್ದವನು. ಅವನೆದುರು ಪೆದ್ದಿ ಎನಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಕಮಾಂಡ್ ಇದ್ದ ಕಪ್ಪು ಪರದೆಯನ್ನು ಮುಚ್ಚಿಬಿಟ್ಟೆ. ನಾಳೆಯಿಂದ ಬರುವುದು ಬೇಡ ಎಂದು ಆಕೆಗೆ ಅಲ್ಲೇ ಹೇಳಿ ಕಳಿಸಿದರು.

ನಾನು ಹೊರಡುವಾಗ ಸ್ಕೂಟರಿನ ಹತ್ತಿರ ಬಂದಳು. ಅಳುತ್ತಿರಲಿಲ್ಲ.

"ನಾನ್ ಆಫ್ ಮಾಡಿದ್ದಕ್ಕೇ ಎಲ್ಲಾ ಹೊಂಟೋಯ್ತಾ ಮೇಡಂ?"

ಹೂಂ ಎಂದೆ.

"ತಪ್ಪಾಯ್ತು ಮೇಡಂ. ನನ್ಗೋಸ್ಕರ ಅಷ್ಟ್ ದಿನ ಅಲೆದ್ರಿ, ಎಲ್ಲಾ ಮಣ್ಣುಪಾಲ್ ಮಾಡ್ಬಿಟ್ಟೆ."

ಪರವಾಗಿಲ್ಲ ಬಿಡಿ ಎಂದು ನಾನು ಆಕೆಯನ್ನು ಕ್ಷಮಿಸಿದೆ.